ಬೆಚ್ಚನೆಯ ದನಿಯ ಬೆಲೆ

ಇಂಗ್ಲಿಷರು ಒಂದು ಸಂಗೀತಯಂತ್ರದ ದನಿಯನ್ನು ಮನಸಾರೆ ಹೊಗಳಬೇಕಾದಾಗ ಅದು ‘ಬೆಚ್ಚಗಿದೆ’ ಎನ್ನುತ್ತಾರೆ. ಚಳಿಯ ನಾಡಿನವರಿಗೆ ಅಗ್ಗಿಷ್ಟಿಕೆಯ ಬಳಿಯ ಕುರ್ಚಿ ಎಷ್ಟು ಪ್ರಿಯವೋ ಈ ಮಾತೂ ಅಷ್ಟೇ ಪ್ರಿಯವಾದುದರಲ್ಲಿ ಆಶ್ಚರ್ಯವಿಲ್ಲ. ನಾವಾದರೋ ಬಿಸಿಲಿನ ನಾಡಿನವರು. ಒಳ್ಳೆಯ ಹಾಡನ್ನು ಕೇಳಿದಾಗ ‘ಕಿವಿ ತಂಪಾಯಿತು’ ಎನ್ನುವುದು ನಮ್ಮ ರೂಢಿ. ಆಗುಂಬೆಯ ಆಷಾಢದಲ್ಲಿ ಕುಳಿತವನು ಬೆಚ್ಚನೆಯ ಕಂಬಳಿಯನ್ನು ಹೊಗಳಿಯಾನು. ಬೆಚ್ಚನೆಯ ಕಾಂಬೋದಿಯನ್ನು ಹೊಗಳಿದ್ದನ್ನು ನಾನಂತೂ ಕೇಳಿಲ್ಲ. ಆದರೂ ಈಚಿನ ವರ್ಷಗಳಲ್ಲಿ ಈ ಮಾತು ನಮ್ಮ ಅಂಗಡಿಗಳಿಗೂ ಬಂದು ನೆಲೆಸಿದೆ. ಸಿ.ಡಿ. ಪ್ಲೇಯರನ್ನೋ, ಅಂಕಿಗಳನ್ನು ನಾದವಾಗಿಸುವ ‘ಡ್ಯಾಕ್’ ಎಂಬ ಚಿಕ್ಕ ಪೆಟ್ಟಿಗೆಯನ್ನೋ ಕೊಳ್ಳಲು ಹೋದವರಿಗೆ, ಇದರ ದನಿ ಬೆಚ್ಚಗಿದೆ, ಅದರದು ತಣ್ಣಗಿದೆ ಎಂಬ ಉಪದೇಶ ತಪ್ಪುವುದಿಲ್ಲ. ಪದವೊಂದು ಹೊರಗಿನಿಂದ ಬಂದರೆ ಅಡ್ಡಿಯೇನೂ ಇಲ್ಲ. ಅದರ ಬೆನ್ನ ಹಿಂದೆಯೇ ಬೆಲೆಯ ಚೀಟಿಯೂ ಬಂದಾಗ ಮಾತ್ರ ಅದರ ಅರ್ಥವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ನನಗೆ ಈ ವಿಚಾರಣೆ ಒದಗಿದ್ದು ಧಾರವಾಡದ ಗೆಳೆಯನೊಬ್ಬನಿಂದ. ಆತ ನಿವೃತ್ತ ಹೈಸ್ಕೂಲು ಮಾಸ್ತರ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಇವರ ಗಾಯನವೂ, ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯೂ ಸೇರಿ ಇನ್ನೂರರಷ್ಟು ಸಿ.ಡಿ.ಗಳು ಅವನ ಕಪಾಟಿನಲ್ಲಿವೆ. ಹದಿನೆಂಟು ವರ್ಷ ದುಡಿದ ಅವನ ಪ್ಲೇಯರು ಮುಪ್ಪಿನಿಂದ ತಡವರಿಸತೊಡಗಿತು. ಕೆಲವು ತಟ್ಟೆಗಳನ್ನು ಓದುತ್ತಿತ್ತು, ಕೆಲವಕ್ಕೆ ಮುಖ ತಿರುಗಿಸುತ್ತಿತ್ತು. ಪೆನ್ಷನ್ನಿನಲ್ಲಿ ಉಳಿಸಿದ ಇಪ್ಪತ್ತು ಸಾವಿರ ರೂಪಾಯಿಗಳನ್ನು ಎತ್ತಿಟ್ಟುಕೊಂಡು ನನಗೆ ಫೋನು ಮಾಡಿದ: “ನೀ ಫಿಜಿಕ್ಸ್ ಕಲಿಸಿದಾಂವ. ಬೆಚ್ಚನ್ನ ದನಿ ಕೊಡೋ ಮಷೀನು ಯಾವುದು, ಅಷ್ಟು ಹೇಳು. ಎರಡನೇ ಸಲ ಕೊಳ್ಳೋ ಶಕ್ತಿ ನನಗಿಲ್ಲ ಮತ್ತ.” ಕೊನೆಯ ವಾಕ್ಯದಿಂದಾಗಿ ಪ್ರಶ್ನೆ ಗಂಭೀರವಾಯಿತು. ಶ್ರೀಮಂತನಾದವನು ಒಂದು ಯಂತ್ರ ಹಿಡಿಸದಿದ್ದರೆ ಇನ್ನೊಂದನ್ನು ತಂದಾನು. ಒಮ್ಮೆ ಮಾತ್ರ ಕೊಳ್ಳಬಲ್ಲವನಿಗೆ ಸಲಹೆ ಹೇಳುವವನ ಹೊಣೆ ದೊಡ್ಡದು.

ಮೊದಲು ಯಂತ್ರದ ಕೆಲಸವೇನೆಂಬುದನ್ನು ತಿಳಿಯೋಣ. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು 1980ರಲ್ಲಿ ಒಪ್ಪಿಕೊಂಡ ಕಟ್ಟಳೆಯಂತೆ ಸಿ.ಡಿ.ಯಲ್ಲಿ ನಾದವನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿಯೊಂದು ಅಳತೆಯನ್ನೂ 65,536 ಮೆಟ್ಟಿಲುಗಳಲ್ಲಿ ಒಂದಕ್ಕೆ ಹೊಂದಿಸಿ ಬರೆದಿರುತ್ತದೆ. ಎಡಬಲ ಎರಡು ವಾಹಿನಿಗಳೂ ಸೇರಿ ಸೆಕೆಂಡಿಗೆ ಹದಿನಾಲ್ಕು ಲಕ್ಷಕ್ಕೂ ಮಿಕ್ಕಿ ಸೊನ್ನೆ-ಒಂದುಗಳು. ಈ ಬರಹವನ್ನು ಹೊತ್ತ ಸುರುಳಿಯನ್ನು ಬಿಡಿಸಿ ನೇರಗೊಳಿಸಿದರೆ ಐದು ಕಿಲೋಮೀಟರಿಗೂ ಉದ್ದ. ಕಣ್ಣಿಗೆ ಕಾಣದ ಲೇಸರ್ ಕಿರಣವೊಂದು ಅದನ್ನು ಒಳಗಿನಿಂದ ಹೊರಕ್ಕೆ ಓದುತ್ತ ಹೋಗುತ್ತದೆ. ಓದಿದ ಅಂಕಿಗಳನ್ನು ಮತ್ತೆ ವಿದ್ಯುತ್ತಿನ ಅಲೆಯನ್ನಾಗಿ ಮಾಡುವುದು ಡ್ಯಾಕಿನ ಕೆಲಸ. ಪ್ರತಿಯೊಂದು ಸಿ.ಡಿ. ಪ್ಲೇಯರಿನ ಒಳಗೂ ಒಂದು ಡ್ಯಾಕ್ ಇದ್ದೇ ಇರುತ್ತದೆ. ಹೊರಗೆ ಬೇರೆಯಾಗಿ ಮಾರುವುದು ಅದರದೇ ಜಾತಿಯದು. ಸ್ವತಂತ್ರವಾಗಿ ಮನೆ ಮಾಡಿದೆ, ಅಷ್ಟೆ.

ಅಳತೆಗಳ ನಡುವಣ ಅಂತರದಲ್ಲಿ ನಾದ ಕಳೆದುಹೋಗುವುದಿಲ್ಲವೆ ಎಂದು ಸಂಗೀತಗಾರರು ಕೇಳುವುದುಂಟು. ಈ ಸಂದೇಹಕ್ಕೆ 1928ರಲ್ಲಿ ಹ್ಯಾರಿ ನೈಕ್ವಿಸ್ಟ್ ದಾರಿ ತೋರಿದ. 1949ರಲ್ಲಿ ಕ್ಲಾಡ್ ಶ್ಯಾನನ್ ಗಣಿತದಿಂದಲೇ ಉತ್ತರ ಕೊಟ್ಟ. ಒಂದು ನಾದದಲ್ಲಿರುವ ಅತ್ಯುಚ್ಚ ಆವೃತ್ತಿಯ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ ಆ ನಾದವನ್ನು ಪೂರ್ತಿಯಾಗಿ ಮರಳಿ ಕಟ್ಟಬಹುದು. ಮನುಷ್ಯನ ಕಿವಿಯ ಎಲ್ಲೆ ಸುಮಾರು 20,000 ಹರ್ಟ್ಸ್. ಅರವತ್ತು ದಾಟಿದ ನಮ್ಮಂಥವರಿಗೆ ಹನ್ನೆರಡು ಹದಿಮೂರು ಸಾವಿರದ ಮೇಲಿನದು ಕೇಳಿಸುವುದೇ ಅಪರೂಪ. ಆದುದರಿಂದ ಅಂಕಿಗಳು ತಮ್ಮಷ್ಟಕ್ಕೆ ತಣ್ಣಗೂ ಅಲ್ಲ, ಬೆಚ್ಚಗೂ ಅಲ್ಲ.

ಹಾಗಾದರೆ ಸಿ.ಡಿ.ಗೆ ಕರ್ಕಶವೆಂಬ ಅಪಕೀರ್ತಿ ಬಂದುದೇಕೆ? 1982ರ ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿಯ ಮೊದಲ ಪ್ಲೇಯರು ಮಾರಾಟಕ್ಕೆ ಬಂದಾಗ, ಶ್ರವ್ಯದ ಎಲ್ಲೆಯಾಚೆಗಿನ ಕಸವನ್ನು ತಡೆಯಲು ಗೋಡೆಯಂತೆ ಕಡಿದಾದ ವಿದ್ಯುತ್ ಸೋಸುಕಗಳನ್ನು ಇಡಬೇಕಾಗಿತ್ತು. ಫಿಲಿಪ್ಸಿನವರು ಬೇರೆ ಹಾದಿ ಹಿಡಿದರು. ಅಳತೆಗಳ ನಡುನಡುವೆ ಲೆಕ್ಕ ಹಾಕಿ ಹೊಸ ಅಳತೆಗಳನ್ನು ಸೇರಿಸಿ, ಸಂಖ್ಯೆಯನ್ನು ನಾಲ್ಮಡಿ ಮಾಡಿ, ಸೋಸುವ ಕೆಲಸವನ್ನು ಬಹುಮಟ್ಟಿಗೆ ಗಣಿತಕ್ಕೇ ಒಪ್ಪಿಸಿದರು. ಸಾಲದುದಕ್ಕೆ ಗ್ರಾಮಫೋನ್ ತಟ್ಟೆಗೆಂದು ಹದಗೊಳಿಸಿದ್ದ ಮುದ್ರಣಗಳನ್ನೇ ಎಷ್ಟೋ ಸಾರಿ ಸಿ.ಡಿ.ಗೂ ಇಳಿಸಿದರು. ಇನ್ನೊಂದು ಕಾರಣವನ್ನು ಹಳೆಯ ಸಿ.ಡಿ.ಗಳಿದ್ದವರು ಇಂದಿಗೂ ನೆನಪಿಡಬೇಕು. ಆರಂಭದ ಕೆಲವು ತಟ್ಟೆಗಳಲ್ಲಿ ತಾರದ ಭಾಗವನ್ನು ಬೇಕೆಂದೇ ಹಿಗ್ಗಿಸಿ ಬರೆದಿದ್ದಾರೆ. 20,000 ಹರ್ಟ್ಸಿನ ಬಳಿ ಹಿಗ್ಗು ಸುಮಾರು ಒಂಬತ್ತೂವರೆ ಡೆಸಿಬೆಲ್. ಬಾರಿಸುವ ಯಂತ್ರ ಆ ಗುರುತನ್ನು ಕಂಡು ಅಷ್ಟನ್ನೇ ಕುಗ್ಗಿಸಬೇಕು. ಅಂಥ ತಟ್ಟೆಯನ್ನು ಕಂಪ್ಯೂಟರಿಗೆ ನಕಲು ಮಾಡುವಾಗ ಗುರುತು ತಪ್ಪಿಹೋಯಿತೆಂದರೆ ಹಾಡು ಗಾಜಿನ ಚೂರಿನಂತೆ ಕಿವಿಗೆ ಚುಚ್ಚುತ್ತದೆ. ದೋಷ ಡ್ಯಾಕಿನದಲ್ಲ; ಆದರೆ ಬೈಗುಳ ಮಾತ್ರ ಅದಕ್ಕೇ.

ಇನ್ನು ‘ಬೆಚ್ಚನೆಯ’ ಯಂತ್ರಗಳ ಗುಟ್ಟು. ಇವು ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಫಿಲಿಪ್ಸಿನವರು ಸೇರಿಸಿದ ಆ ನಾಲ್ಮಡಿಯ ಲೆಕ್ಕವನ್ನು ಬಿಟ್ಟುಬಿಡುತ್ತಾರೆ. ಅಳತೆಗಳು ಮೆಟ್ಟಿಲು ಮೆಟ್ಟಿಲಾಗಿಯೇ ಹೊರಬೀಳುತ್ತವೆ. ಅದರ ಫಲವಾಗಿ ತಾರದ ನಾದ ತಾನಾಗಿ ಇಳಿಯುತ್ತದೆ: 10,000 ಹರ್ಟ್ಸಿನಲ್ಲಿ ಮುಕ್ಕಾಲು ಡೆಸಿಬೆಲ್, 20,000ದಲ್ಲಿ ಮೂರಕ್ಕೂ ತುಸು ಹೆಚ್ಚು. ಎಲ್ಲೆಯಾಚೆಗಿನ ಕಸವೂ ಸ್ವಲ್ಪ ಹೊರಬರುತ್ತದೆ. 1985ರಲ್ಲಿ ಬಂದ ಫಿಲಿಪ್ಸಿನ ಟಿ.ಡಿ.ಎ. 1541 ಎಂಬ ಚಿಪ್ ಈ ಪಂಥದವರಿಗೆ ಪೂಜ್ಯ. ಅದರ ಆಯ್ದ ಪ್ರತಿಗಳ ಮೇಲೆ ಕಿರೀಟದ ಗುರುತು ಒತ್ತಿರುತ್ತದೆ, ಕಿರೀಟಕ್ಕೆ ತಕ್ಕಂತೆ ಬೆಲೆಯೂ ಏರುತ್ತದೆ. ಎರಡನೆಯ ಬಗೆಯಲ್ಲಿ ಹೊರದಾರಿಯಲ್ಲಿ ಒಂದು ವಾಲ್ವನ್ನು ಕೂರಿಸುತ್ತಾರೆ. ಅದು ಮೂಲ ನಾದಕ್ಕೆ ಅದರ ಇಮ್ಮಡಿ ಆವೃತ್ತಿಯ ನಾದವನ್ನು, ಎಂದರೆ ಮೇಲಿನ ಷಡ್ಜವನ್ನು, ಸೂಕ್ಷ್ಮವಾಗಿ ಬೆರೆಸುತ್ತದೆ. ಷಡ್ಜಕ್ಕೆ ಷಡ್ಜ ಸೇರಿದರೆ ಅಪಸ್ವರವೆನಿಸುವುದಿಲ್ಲ, ದನಿ ತುಂಬಿಕೊಂಡಂತೆ ತೋರುತ್ತದೆ.

ಇಲ್ಲಿ ನಮ್ಮ ಸಂಗೀತಗಾರರು, ತಂಬೂರಿಯಲ್ಲಿಯೂ ಇದೇ ಅಲ್ಲವೆ ನಡೆಯುವುದು, ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಕುದುರೆಯ ಮೇಲೆ ತಂತಿಯ ಅಡಿಗೆ ಒಂದು ನೂಲೆಳೆಯನ್ನು ಸರಿಸಿ ‘ಜೀವ’ ಕೊಟ್ಟಾಗ, ಬರಿಯ ತಂತಿಯಲ್ಲಿ ಕೇಳದ ಅನುಸ್ವರಗಳೆಲ್ಲ ಎದ್ದುಬರುತ್ತವೆ. ಬಾಗಿದ ಆ ಕುದುರೆಯ ಮಹಿಮೆಯನ್ನು ಕುರಿತು ಸಿ. ವಿ. ರಾಮನ್ನರು 1921ರಷ್ಟು ಹಿಂದೆಯೇ ಬರೆದಿದ್ದಾರೆ. ಆದರೆ ತಂಬೂರಿಯ ಎಳೆಯನ್ನು ಸರಿಸಿದವನು ಗಾಯಕ. ತನ್ನ ಶ್ರುತಿಗೆ, ತನ್ನ ಕಂಠಕ್ಕೆ, ಆ ದಿನದ ಹವೆಗೆ ತಕ್ಕಂತೆ ಸರಿಸಿದವನು. ಆ ಶೃಂಗಾರ ಸಿ.ಡಿ.ಯಲ್ಲಿ ಆಗಲೇ ಮುದ್ರಿತವಾಗಿದೆ. ಯಂತ್ರ ತನ್ನ ಕಡೆಯಿಂದ ಇನ್ನೊಂದು ಎಳೆ ಸೇರಿಸಿದರೆ ಅದು ಮನಸೂರರಿಗೂ ಒಂದೇ, ವೀಣೆಗೂ ಒಂದೇ, ವಾರ್ತೆ ಓದುವವನಿಗೂ ಒಂದೇ. ಹುಳಿಗೂ ಬೆಲ್ಲ, ಸಾರಿಗೂ ಬೆಲ್ಲ, ಮಜ್ಜಿಗೆಗೂ ಬೆಲ್ಲ ಹಾಕುವ ಅಡಿಗೆಯವನ ಹಾಗೆ. ಬೆಲ್ಲ ಬೇಕೆಂಬುವವರನ್ನು ನಾನು ಹಳಿಯುವುದಿಲ್ಲ, ನಾನೂ ಮೈಸೂರಿನವನೇ. ಬೇಕೆಂದಾಗ ಹಾಕಿಕೊಳ್ಳುವ, ಬೇಡವೆಂದಾಗ ಬಿಡುವ ಸ್ವಾತಂತ್ರ್ಯ ಊಟಕ್ಕೆ ಕುಳಿತವನದಾಗಿರಬೇಕು ಎಂಬುದಷ್ಟೇ ನನ್ನ ವಾದ. ಆ ಸ್ವಾತಂತ್ರ್ಯ ಆಂಪ್ಲಿಫೈಯರಿನ ಟ್ರೆಬಲ್ ಗುಂಡಿಯಲ್ಲಿದೆ. ಹಿಂದಿನ ರೇಡಿಯೋಗಳಲ್ಲಿ ಇದ್ದೇ ಇರುತ್ತಿದ್ದ ಈ ಗುಂಡಿಯನ್ನು ‘ಶುದ್ಧ’ದ ಹೆಸರಿನಲ್ಲಿ ಎಷ್ಟೋ ದುಬಾರಿ ಯಂತ್ರಗಳಿಂದ ತೆಗೆದುಹಾಕಿ, ಅದು ಮಾಡುತ್ತಿದ್ದ ಕೆಲಸವನ್ನೇ ಬೇರೆ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿರುವುದು ಈ ಕಾಲದ ಒಂದು ವಿನೋದ.

ರೇಡಿಯೋ ಎಂದೊಡನೆ ಇನ್ನೊಂದು ಮಾತು ಹೊಳೆಯುತ್ತದೆ. ಮೈಸೂರಿನಲ್ಲಿ 1935ರಲ್ಲಿ ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ಪ್ರಸಾರ ಆರಂಭಿಸಿದಂದಿನಿಂದ ನಮ್ಮ ಮೂರು ತಲೆಮಾರುಗಳು ಸಂಗೀತ ಕೇಳಿದ್ದು ಬಹುಪಾಲು ಮರದ ಪೆಟ್ಟಿಗೆಯ ರೇಡಿಯೋದಲ್ಲಿ. ಮಧ್ಯಮ ತರಂಗದ ಪ್ರಸಾರದಲ್ಲಿ ಮನೆಗೆ ಮುಟ್ಟುತ್ತಿದ್ದುದು ಹೆಚ್ಚೆಂದರೆ ಐದು ಸಾವಿರ ಹರ್ಟ್ಸಿನವರೆಗಿನ ನಾದ. ಅದರ ಮೇಲಿನ ಹೊಳಪೆಲ್ಲ ದಾರಿಯಲ್ಲೇ ಕತ್ತರಿಸಿಹೋಗುತ್ತಿತ್ತು. ನಾವು ‘ಬೆಚ್ಚನೆಯ’ ದನಿ ಎಂದು ಇಂದು ಹುಡುಕುತ್ತಿರುವುದರಲ್ಲಿ ಎಷ್ಟು ಪಾಲು ಸಂಗೀತದ ಗುಣ, ಎಷ್ಟು ಪಾಲು ಅಜ್ಜನ ಮನೆಯ ಆ ಹಳದಿ ದೀಪದ ಪೆಟ್ಟಿಗೆಯ ನೆನಪು ಎಂಬುದನ್ನು ಯಾವ ಮಾಪಕವೂ ಹೇಳಲಾರದು.

ಇಷ್ಟೆಲ್ಲ ಕೇಳಿದ ಮೇಲೆ ನನ್ನ ಗೆಳೆಯ ಹೇಳಿದ್ದು ಒಂದೇ ಮಾತು: “ಅದು ನಿನ್ನ ಲೆಕ್ಕ ಆತು. ನನಗ ಕೇಳಿಸೋದು ಬ್ಯಾರೆ ಅದ.” ನ್ಯಾಯವಾದ ಮಾತು. ಕಿವಿಗಾಗಿ ಕೊಳ್ಳುವ ವಸ್ತುವಿಗೆ ಕಿವಿಯೇ ಸಾಕ್ಷಿ. ಆದರೆ ಸಾಕ್ಷಿ ಹೇಳುವವನಿಗೆ ಬೆಲೆಯ ಚೀಟಿ ಕಾಣಿಸಬಾರದು. ಬೇಸಗೆಯ ರಜೆಯಲ್ಲಿ ನಾನು ಧಾರವಾಡಕ್ಕೆ ಹೋದಾಗ, ಕಿರೀಟದ ಪಂಥದ ಪ್ಲೇಯರೊಂದನ್ನು ಪರಿಚಿತರಿಂದ ಎರವಲು ತಂದೆವು. ಅದರ ಸ್ವಂತ ದನಿಯನ್ನು ಆಂಪ್ಲಿಫೈಯರಿನ ಒಂದು ದಾರಿಗೂ, ಅದರ ಅಂಕಿಗಳನ್ನು ಅಗ್ಗದ ಡ್ಯಾಕೊಂದರ ಮೂಲಕ ಇನ್ನೊಂದು ದಾರಿಗೂ ಜೋಡಿಸಿದೆವು. ಒಂದೇ ತಟ್ಟೆ, ಒಂದೇ ಕ್ಷಣ. ಗುಂಡಿ ತಿರುಗಿಸಿದರೆ ಯಂತ್ರ ಬದಲಾಗುತ್ತದೆ.

ಮೊದಲ ಸುತ್ತಿನಲ್ಲಿ ಗೆಳೆಯನಿಗೆ ಎರವಲು ಪ್ಲೇಯರೇ ಪ್ರತಿ ಬಾರಿಯೂ ‘ತುಂಬಿದ ದನಿ’ಯದಾಗಿ ಕೇಳಿಸಿತು. ಆಗ ನಾನು ಮಲ್ಟಿಮೀಟರು ಹಿಡಿದು, ಏರಿಳಿತವಿಲ್ಲದ ನಾದವೊಂದನ್ನು ಬಾರಿಸಿ ಎರಡರ ವೋಲ್ಟೇಜು ಅಳೆದೆ. ಒಂದರಿಂದ 2 ವೋಲ್ಟು, ಇನ್ನೊಂದರಿಂದ 2.3 ವೋಲ್ಟು ಬರುತ್ತಿತ್ತು. ವ್ಯತ್ಯಾಸ 1.2 ಡೆಸಿಬೆಲ್. ಇಷ್ಟು ಚಿಕ್ಕ ಅಂತರವನ್ನು ಕಿವಿ ‘ಜೋರು’ ಎಂದು ಗುರುತಿಸುವುದಿಲ್ಲ. ‘ಚೆಲುವು’ ಎಂದು ಗುರುತಿಸುತ್ತದೆ. ಅಂಗಡಿಯಲ್ಲಿ ನಡೆಯುವ ಹೋಲಿಕೆಗಳಲ್ಲಿ ಯಾರೂ ಇದನ್ನು ಸರಿತೂಗಿಸುವುದಿಲ್ಲ. ಡ್ಯಾಕಿನ ಗುಂಡಿ ತಿರುಗಿಸಿ ಎರಡನ್ನೂ ಸಮ ಮಾಡಿ, ಗೆಳೆಯನ ಮೊಮ್ಮಗಳನ್ನು ಅವನ ಬೆನ್ನ ಹಿಂದೆ ಗುಂಡಿಯ ಬಳಿ ಕೂರಿಸಿದೆವು. ಅವಳು ನಾಣ್ಯ ಚಿಮ್ಮಿ ಯಂತ್ರವನ್ನು ಆರಿಸುವುದು, ತಾತ ಹೆಸರು ಹೇಳುವುದು. ಹನ್ನೆರಡು ಬಾರಿಯಲ್ಲಿ ಏಳು ಸರಿ. “ಅಜ್ಜಾ, ನಾಣ್ಯಾನೂ ಅಷ್ಟ ಹೇಳತದ” ಎಂದು ಆ ಹುಡುಗಿ ನಕ್ಕಳು.

ಒಬ್ಬ ಮುದುಕನ ಕಿವಿಯಿಂದ ಲೋಕಕ್ಕೆ ತೀರ್ಪು ಕೊಡುವುದು ಸಲ್ಲ. ಆದರೆ ದೊಡ್ಡ ಪ್ರಮಾಣದ ಪರೀಕ್ಷೆಗಳೂ ನಡೆದಿವೆ. 2007ರಲ್ಲಿ ಅಮೆರಿಕದ ಮೇಯರ್ ಮತ್ತು ಮೋರಾನ್ ಎಂಬವರು, ಸಿ.ಡಿ.ಗಿಂತ ಸೂಕ್ಷ್ಮವೆನ್ನಲಾದ ಮುದ್ರಣಗಳ ದಾರಿಯಲ್ಲಿ ಸಿ.ಡಿ. ಮಟ್ಟದ ಪರಿವರ್ತಕವನ್ನು ಗುಟ್ಟಾಗಿ ಸೇರಿಸಿ, ತೆಗೆದು ಪರೀಕ್ಷಿಸಿದ ಫಲವನ್ನು ಪ್ರಕಟಿಸಿದರು. 554 ಬಾರಿಯಲ್ಲಿ ಕೇಳುಗರು ಸರಿಯಾಗಿ ಗುರುತಿಸಿದ್ದು 276 ಬಾರಿ. 2016ರಲ್ಲಿ ಜೋಶುವ ರೈಸ್ ಎಂಬ ವಿದ್ವಾಂಸ ಇಂಥ ಹದಿನೆಂಟು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯುತ್ತರದ ಪ್ರಮಾಣ ನೂರಕ್ಕೆ 52.3 ಎಂದು ಕಂಡುಬಂತು. ಎಂದರೆ ವ್ಯತ್ಯಾಸ ಇಲ್ಲವೇ ಇಲ್ಲವೆನ್ನುವಂತಿಲ್ಲ; ಆದರೆ ಪೆನ್ಷನ್ನಿನ ಹಣವನ್ನು ಪಣಕ್ಕಿಡುವಷ್ಟೂ ಇಲ್ಲ.

ಪರೀಕ್ಷೆ ಮುಗಿದ ಮೇಲೆ ನಾನು ಅಗ್ಗದ ಡ್ಯಾಕಿನ ದಾರಿಯಲ್ಲಿಯೇ ಟ್ರೆಬಲ್ ಗುಂಡಿಯನ್ನು ಒಂದು ಗೆರೆ ಇಳಿಸಿ, ಏನೂ ಹೇಳದೆ ಗಂಗೂಬಾಯಿಯವರ ತಟ್ಟೆಯನ್ನು ಹಾಕಿದೆ. ಗೆಳೆಯ ಕಣ್ಣು ಮುಚ್ಚಿಕೊಂಡೇ, “ಇದ ನೋಡು ನಾ ಹೇಳಿದ್ದು” ಎಂದ.

ಆದರೆ ಆ ಕೋಣೆಯಲ್ಲಿ ದನಿ ಚುಚ್ಚುತ್ತಿದ್ದುದು ನಿಜ. ಕಾರಣ ಕಾಲಡಿಯಲ್ಲೇ ಇತ್ತು. ನುಣುಪಾದ ಗ್ರಾನೈಟಿನ ನೆಲ, ಬರಿಯ ಸಿಮೆಂಟಿನ ಗೋಡೆ, ಗಾಜಿನ ಕಪಾಟು. ಸ್ಪೀಕರಿನಿಂದ ಹೊರಟ ತಾರನಾದ ನಾಲ್ಕೂ ಕಡೆ ತಾಗಿ ತಾಗಿ ಮರಳುತ್ತಿತ್ತು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಉಪನ್ಯಾಸಮಂದಿರವೊಂದರಲ್ಲಿ ಆಡಿದ ಮಾತು ಐದೂವರೆ ಸೆಕೆಂಡು ಮೊಳಗುತ್ತಿದ್ದು ಪಾಠವೇ ಅಸಾಧ್ಯವಾಗಿತ್ತು. ವ್ಯಾಲೆಸ್ ಸೇಬೈನ್ ಎಂಬ ತರುಣ ಅಧ್ಯಾಪಕ ಪಕ್ಕದ ರಂಗಮಂದಿರದ ಆಸನಗಳ ಮೆತ್ತೆಗಳನ್ನು ಹೊತ್ತು ತಂದು ಹರಡಿ, ಮೆತ್ತೆ ಹೆಚ್ಚಿದಂತೆ ಮೊಳಗು ತಗ್ಗುವುದನ್ನು ಅಳೆದ. ಕಟ್ಟಡಗಳ ನಾದಶಾಸ್ತ್ರ ಹುಟ್ಟಿದ್ದು ಆ ಮೆತ್ತೆಗಳಿಂದ. ಧಾರವಾಡದವರಿಗೆ ಮೆತ್ತೆಗಿಂತ ಒಳ್ಳೆಯದು ಕೈಗೆಟಕುವಲ್ಲೇ ಇದೆ, ನವಲಗುಂದದ ಜಮಖಾನ. ತೆಳ್ಳನೆಯ ನೆಯ್ಗೆ ಮಂದ್ರವನ್ನು ಮುಟ್ಟುವುದಿಲ್ಲ, ತಾರವನ್ನು ಮಾತ್ರ ಹೀರಿಕೊಳ್ಳುತ್ತದೆ. ‘ಬೆಚ್ಚನೆಯ’ ದನಿಗೆ ಬೇಕಾದದ್ದು ಅದೇ ತಾನೆ? ನೆಲಕ್ಕೊಂದು ಹಾಸಿ, ಗಾಜಿನ ಕಪಾಟಿನ ಎದುರಿಗೊಂದು ತೂಗುಹಾಕಿ, ಸ್ಪೀಕರುಗಳನ್ನು ಮೂಲೆಯಿಂದ ಎರಡಡಿ ಈಚೆಗೆ ತಂದಾಗ ಆದ ಬದಲಾವಣೆಯನ್ನು ಗುರುತಿಸಲು ನಾಣ್ಯ ಚಿಮ್ಮುವ ಅಗತ್ಯ ಬೀಳಲಿಲ್ಲ.

ಆ ಸಂಜೆ ಗೆಳೆಯ ಕಪಾಟಿನ ಕೆಳಖಾನೆಯಿಂದ ಒಂದು ತಟ್ಟೆ ತೆಗೆದ. ಮುದ್ರಿತವಲ್ಲ, ಮನೆಯಲ್ಲೇ ಬರೆದ ಸಿ.ಡಿ. ಅವನ ಹೆಂಡತಿ ಭಾವಗೀತೆಗಳನ್ನೂ ದಾಸರ ಪದಗಳನ್ನೂ ಹಾಡುತ್ತಿದ್ದರು. ಹಿಂದೆಂದೋ ಕ್ಯಾಸೆಟ್ಟಿನಲ್ಲಿ ಹಿಡಿದದ್ದನ್ನು ಯಾರೋ ಸಿ.ಡಿ.ಗೆ ಇಳಿಸಿಕೊಟ್ಟಿದ್ದರು. ಕ್ಯಾಸೆಟ್ಟು ಮನೆ ಬದಲಿಸುವಾಗ ಕಳೆಯಿತು. ಆಕೆ ತೀರಿಕೊಂಡು ಒಂಬತ್ತು ವರ್ಷ. “ಇದನ್ನ ಛಲೋ ಮಷೀನಿನ್ಯಾಗ ಕೇಳಬೇಕು ಅಂತ ಇಷ್ಟೆಲ್ಲಾ” ಎಂದ. ಇಪ್ಪತ್ತು ಸಾವಿರದ ಹಿಂದಿನ ವಿಷಯ ಆಗ ನನಗೆ ತಿಳಿಯಿತು. ತಟ್ಟೆಯನ್ನು ಬೆಳಕಿಗೆ ಹಿಡಿದೆ. ಹೊರಅಂಚಿನಲ್ಲಿ ಬಣ್ಣ ಮಾಸಿತ್ತು.

ಇಂಥ ತಟ್ಟೆಯಲ್ಲಿ ಬರಹವಿರುವುದು ಬಣ್ಣದ ಪದರವೊಂದರಲ್ಲಿ. ಬೆಳಕು, ಶಾಖ, ತೇವಗಳಿಂದ ಅದು ಕೆಡುತ್ತ ಹೋಗುತ್ತದೆ. ಗ್ರಾಮಫೋನಿನ ತಟ್ಟೆ ಸವೆದರೆ ಕರಕರ ಸದ್ದು ಮಾಡಿ ಮೊದಲೇ ಎಚ್ಚರಿಸುತ್ತದೆ. ಸಿ.ಡಿ.ಯ ಸ್ವಭಾವ ಬೇರೆ. ಅದರ ಬರಹದೊಳಗೆ ದೋಷವನ್ನು ತಿದ್ದುವ ಗಣಿತವನ್ನು ಹೆಣೆದಿದ್ದಾರೆ. ಸಾಲಿನಲ್ಲಿ ಎರಡೂವರೆ ಮಿಲಿಮೀಟರಿನಷ್ಟು ಅಳಿದುಹೋದರೂ ಯಂತ್ರ ಅದನ್ನು ಯಥಾವತ್ತಾಗಿ ತುಂಬಿಕೊಳ್ಳಬಲ್ಲದು. ಅದನ್ನು ಮೀರಿದರೆ ಅಕ್ಕಪಕ್ಕದ ಅಂಕಿಗಳಿಂದ ಊಹಿಸುತ್ತದೆ. ಅದನ್ನೂ ಮೀರಿದರೆ ಮೌನ. ಒಳಗೊಳಗೇ ಕೆಡುತ್ತಿದ್ದರೂ ಕೊನೆಯ ಘಟ್ಟದವರೆಗೆ ಹಾಡು ಹೊಸದರಂತೆಯೇ ಕೇಳಿಸುತ್ತಿರುತ್ತದೆ. ‘ಇನ್ನೂ ಚೆನ್ನಾಗಿ ಬಾರಿಸುತ್ತಿದೆ’ ಎಂಬ ಸಮಾಧಾನಕ್ಕೆ ಇಲ್ಲಿ ಬೆಲೆಯಿಲ್ಲ.

ಯಂತ್ರದ ಮಾತು ಬದಿಗಿಟ್ಟು ಮೊಮ್ಮಗಳ ಕಂಪ್ಯೂಟರಿನಲ್ಲಿ ಆ ರಾತ್ರಿಯೇ ನಕಲಿಗೆ ಕುಳಿತೆವು. ಪ್ರತಿ ಸಾಲನ್ನೂ ಮತ್ತೆ ಮತ್ತೆ ಓದಿ ತಾಳೆ ನೋಡುವ ತಂತ್ರಾಂಶದಿಂದ ಗಂಟೆಗಟ್ಟಲೆ ಹಿಡಿಯಿತು. ಹತ್ತು ಹಾಡುಗಳು ಪೂರ್ತಿಯಾಗಿ ಬಂದವು. ಹನ್ನೊಂದನೆಯದು ಹೊರಅಂಚಿನದು; ಅದರ ಕೊನೆಯ ಚರಣದಲ್ಲಿ ಎರಡು ಕಡೆ ದನಿ ಕಡಿದುಹೋಗಿದೆ. ನಕಲನ್ನು ಮೂರು ಕಡೆ ಇರಿಸಿದೆವು, ಒಂದು ಆ ಮನೆಯ ಹೊರಗೆ.

ಗೆಳೆಯ ಕಡೆಗೆ ಕೊಂಡದ್ದು ಇಷ್ಟು. ತಟ್ಟೆ ಓದಲು, ಅಂಕಿಗಳನ್ನು ಹೊರಕ್ಕೆ ಕೊಡುವ ಕಿಂಡಿಯಿರುವ ಹಳೆಯ ಡಿ.ವಿ.ಡಿ. ಪ್ಲೇಯರೊಂದು, ಇಂಥವು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಲ್ಪ ಬೆಲೆಗೆ ದೊರೆಯುತ್ತವೆ. ಅದಕ್ಕೊಂದು ಸಾಧಾರಣ ಡ್ಯಾಕ್; ದೃಕ್‌ತಂತುವಿನಿಂದ ಜೋಡಿಸಬಲ್ಲದ್ದಾದರೆ ವಿದ್ಯುತ್ತಿನ ಗುಂಯ್‌ಗುಡುವಿಕೆ ಒಂದರಿಂದ ಇನ್ನೊಂದಕ್ಕೆ ಹರಿಯುವುದಿಲ್ಲ. ಎರಡು ಜಮಖಾನ. ಉಳಿದ ಅರ್ಧಕ್ಕಿಂತ ಹೆಚ್ಚು ಹಣ ಸ್ಪೀಕರುಗಳಿಗೆ. ಏಕೆಂದರೆ ಇಡೀ ಸರಪಣಿಯಲ್ಲಿ ದನಿಯನ್ನು ನಿಜವಾಗಿ ಬದಲಿಸುವ ಯಂತ್ರಗಳು ಅವೇ. ಆಂಪ್ಲಿಫೈಯರು ಹಳೆಯದೇ ಇರಲಿ ಎಂದೆ, ಅದಕ್ಕೆ ಟ್ರೆಬಲ್ ಗುಂಡಿಯಿದೆ.

ಪುಸ್ತಕದ ಕಪಾಟಿನಲ್ಲಿ ಸಿ.ಡಿ.ಗಳನ್ನೂ ಇಟ್ಟುಕೊಂಡಿರುವ ಅಧ್ಯಾಪಕಮಿತ್ರರಿಗೂ ನನ್ನ ಸಲಹೆ ಇದೇ ಕ್ರಮದ್ದು. ಮೊದಲು, ಬೇರೆಲ್ಲೂ ಸಿಕ್ಕದ ತಟ್ಟೆಗಳ ನಕಲು. ಅನಂತರ ಕೋಣೆ, ಅನಂತರ ಸ್ಪೀಕರು, ಎಲ್ಲಕ್ಕೂ ಕೊನೆಗೆ ಡ್ಯಾಕ್. ಅಂಗಡಿಯಲ್ಲಿ ಎರಡನ್ನು ಹೋಲಿಸಿ ತೋರಿಸಿದರೆ ವೋಲ್ಟೇಜು ಸಮವೇ ಎಂದು ಕೇಳಿ. ಹಿಂತಿರುಗಿಸುವ ಗಡುವು ಎಷ್ಟು, ಕೆಟ್ಟರೆ ರಿಪೇರಿ ಯಾವ ಊರಿನಲ್ಲಿ ಎಂಬುದನ್ನು ಚಿಪ್ಪಿನ ಹೆಸರಿಗಿಂತ ಮೊದಲು ವಿಚಾರಿಸಿ.

ಕಳೆದ ತಿಂಗಳು ಗೆಳೆಯನ ಕಾಗದ ಬಂತು. ಹನ್ನೊಂದನೆಯ ಹಾಡಿನಲ್ಲಿ ಕಡಿದುಹೋದ ಎರಡು ಎಡೆಗಳನ್ನು ಕಂಪ್ಯೂಟರಿನಿಂದ ತುಂಬಿಸಿಕೊಡುವುದಾಗಿ ಯಾರೋ ಹುಡುಗರು ಹೇಳಿದರಂತೆ. ಬೇಡವೆಂದನಂತೆ. ಆ ಎರಡು ಎಡೆಗಳಲ್ಲಿನ ಮಾತು ತನಗೆ ಬಾಯಿಪಾಠವಿದೆ, ಅಲ್ಲಿಗೆ ಬಂದಾಗ ತಾನೇ ಹಾಡಿಕೊಳ್ಳುತ್ತೇನೆ ಎಂದು ಬರೆದಿದ್ದಾನೆ.